ಆರು ಹೆಣ್ಣು ಫೈಟರ್‌ಗಳು, ಒಂದೇ ಟ್ಯಾಂಕು

ಗಾಂಧಿ ಬಜಾರ್ ಹತ್ತಿರ ನಾವು ನಾಲ್ವರು ಬಾಡಿಗೆಗಿರೋ ಮನೆಗೆ ಬಂದವರು ಮೊದಲು ನೋಡೋದು ಕಿಟಕಿ ಪಕ್ಕದ ಮೀನಿನ ಟ್ಯಾಂಕನ್ನ. ಹೋದ ಸೆಮಿಸ್ಟರಿನಲ್ಲಿ ಅದರಲ್ಲಿ ಆರು ಹೆಣ್ಣು ಬೆಟ್ಟಾಗಳಿದ್ದವು. ಅಂಗಡಿಗಳಲ್ಲಿ ‘ಫೈಟರ್’ ಅಂತಾರಲ್ಲ, ಅದೇ ಮೀನು. ಈಗ ಒಂದೇ ಇದೆ. “ಉಳಿದವು ಎಲ್ಲಿ?” ಅಂತ ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿ ಇದನ್ನ ಬರೀತಿದ್ದೀವಿ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ: ಇನ್ನೊಂದು ಟ್ಯಾಂಕಿಗೆ ಜಾಗ, ದಿನಾ ನೋಡೋಕೆ ಸಮಯ, ಇವೆರಡೂ ಇಲ್ಲದವರು ಹೆಣ್ಣು ಬೆಟ್ಟಾಗಳ ಗುಂಪು ಸಾಕಬಾರದು. ಅಂದರೆ ನಮ್ಮಂಥ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸಾಕಬಾರದು.

“ಜಗಳ ಆಡೋದು ಗಂಡು ಮಾತ್ರ, ಹೆಣ್ಣುಗಳನ್ನ ಎಷ್ಟಾದ್ರೂ ಒಟ್ಟಿಗೆ ಬಿಡಿ” ಅಂತ ಅಂಗಡಿಯವರು ಹೇಳಿದ್ರು, ನಾವು ನಂಬಿದ್ವಿ. ಎರಡು ಗಂಡುಗಳನ್ನ ಒಟ್ಟಿಗೆ ಬಿಟ್ಟರೆ ಅವತ್ತೇ ಗೊತ್ತಾಗುತ್ತೆ. ಹೆಣ್ಣುಗಳ ಜಗಳ ನಿಧಾನ. ಮೊದಲು ಒಂದಿಷ್ಟು ಅಟ್ಟಿಸಿಕೊಂಡು ಹೋಗೋದು, ಆಮೇಲೆ ರೆಕ್ಕೆ ಕಚ್ಚೋದು. ಬೆಟ್ಟಾ ಕಿವಿರಿನ ಜೊತೆಗೆ ಮೇಲೆ ಬಂದು ಗಾಳಿಯನ್ನೂ ಉಸಿರಾಡುತ್ತೆ. ಹೆದರಿ ಮೂಲೆ ಸೇರಿದ ಮೀನೂ ಉಸಿರಿಗೆ ಮೇಲೆ ಬರಲೇಬೇಕು, ಬಂದಾಗಲೆಲ್ಲ ಏಟು ತಿನ್ನಬೇಕು. ನಮ್ಮ ಟ್ಯಾಂಕಿನ ಪುಟ್ಟ ನೀಲಿ ಮೀನು ಫಿಲ್ಟರ್ ಹಿಂದೆ ನಿಂತಿದ್ದಾಗ “ರೆಸ್ಟ್ ಮಾಡ್ತಿದೆ” ಅಂದ್ಕೊಂಡ್ವಿ. ಇಂಟರ್ನಲ್ಸ್ ಗಲಾಟೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ನೋಡಲಿಲ್ಲ. ಮೂರನೇ ದಿನ ಅದು ಸತ್ತಿತ್ತು.

ಜೋರು ಮಾಡ್ತಿದ್ದ ಕೆಂಪು ಮೀನನ್ನ ತೆಗೆದು ಬಕೆಟ್ಟಿಗೆ ಹಾಕಿದ್ವಿ. ನಾಲ್ಕೇ ದಿನದಲ್ಲಿ ಇನ್ನೊಂದು ಅದರ ಜಾಗ ಹಿಡೀತು. ಗಾಯ ಆದ ಮತ್ತೊಂದನ್ನೂ ಇನ್ನೊಂದು ಬಕೆಟ್ಟಿಗೆ ಹಾಕಿದ್ವಿ. ಡಿಸೆಂಬರ್ ಚಳಿ, ಬಕೆಟ್ಟಿಗೆ ಹೀಟರ್ ಇಲ್ಲ. ಅದೂ ಉಳೀಲಿಲ್ಲ.

ಥಾಯ್ಲೆಂಡಿನ ಗದ್ದೆಗಳಲ್ಲಿ, ಕಳೆ ತುಂಬಿದ ಜೌಗು ನೀರಿನಲ್ಲಿ ಇದರ ಮೂಲ. ಅಲ್ಲಿ ಸೋತ ಮೀನು ದೂರ ಈಜಿ ಹೋಗಬಹುದು. ಇಲ್ಲಿ ನಾಲ್ಕು ಕಡೆ ಗಾಜು. ಗಿಡಗಳನ್ನ ದಟ್ಟವಾಗಿ ಹಾಕಿ ಅನ್ನೋದು ಒಂದರ ಕಣ್ಣಿಗೆ ಇನ್ನೊಂದು ಬೀಳದಿರಲಿ ಅಂತ, ಬರೀ ಅಂದಕ್ಕಲ್ಲ. ಕಡಿಮೆ ಅಂದ್ರೂ ಐದಾರು ಮೀನು, 75ರಿಂದ 100 ಲೀಟರ್ ನೀರು, ಎಲ್ಲವನ್ನೂ ಒಂದೇ ದಿನ ಬಿಡಬೇಕು, ಒಟ್ಟಿಗೆ ಬೆಳೆದ ಮರಿಗಳಾದರೆ ಒಳ್ಳೇದು ಅಂತ ಅನುಭವಸ್ಥರು ಹೇಳ್ತಾರೆ. ನಮ್ಮದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಗುಣಿಸಿದರೆ ಸುಮಾರು 56 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 45 ಉಳಿಯುತ್ತೆ. ಎಂಜಿನಿಯರಿಂಗ್ ಓದೋ ನಾವು ಈ ಲೆಕ್ಕ ಮಾಡಿದ್ದು ಎರಡು ಮೀನು ಸತ್ತ ಮೇಲೆ!

ಇದನ್ನ ಕೇಳಿ “ಎರಡು ಜಡೆ ಒಂದು ಕಡೆ ಇರಲ್ಲ” ಅಂತ ನಕ್ಕವರಿದ್ದಾರೆ. ಸ್ವಾಮಿ, ಗಂಡು ಬೆಟ್ಟಾಗಳಂತೂ ಎರಡು ದಿನವೂ ಇರಲ್ಲ. ಓಡಿಹೋಗೋಕೆ ಜಾಗ ಇಲ್ಲದ ಕಡೆ ಯಾವ ಜೀವವಾದರೂ ಹೀಗೇ.

ದೊಡ್ಡ ಟ್ಯಾಂಕಿನಲ್ಲಿ ಇಂಥ ಗುಂಪನ್ನ ಚೆನ್ನಾಗಿ ಸಾಕೋರು ಇದ್ದಾರೆ, ಒಪ್ತೀವಿ. ಆದರೆ ಅವರ ಹತ್ತಿರ ನೀರು ಹದಗೊಳಿಸಿ ಇಟ್ಟ ಇನ್ನೊಂದು ಟ್ಯಾಂಕು ಯಾವಾಗಲೂ ಸಿದ್ಧವಿರುತ್ತೆ. ಆರು ತಿಂಗಳು ಸುಮ್ಮನಿದ್ದ ಗುಂಪೂ ಒಂದು ದಿನ ಕೆಡಬಹುದು ಅಂತ ಅವರಿಗೆ ಗೊತ್ತು. ರಜಾ ಸಿಕ್ಕ ತಕ್ಷಣ ಊರಿನ ಬಸ್ ಹತ್ತೋ ನಮಗೆ ಅದು ಆಗೋ ಮಾತಲ್ಲ.

ಉಳಿದ ನಾಲ್ಕರಲ್ಲಿ ಒಂದು ಚಾಮರಾಜಪೇಟೆಗೆ, ಒಂದು ಮಲ್ಲೇಶ್ವರಕ್ಕೆ, ಒಂದು ಹನುಮಂತನಗರಕ್ಕೆ ಹೋಯ್ತು. ಮೂರೂ ಗೆಳೆಯರ ಮನೆಗಳೇ. “ಲಾಲ್‌ಬಾಗ್ ಕೆರೆಗೆ ಬಿಟ್ಟುಬಿಡಿ” ಅಂದವರ ಮಾತು ಕೇಳಲಿಲ್ಲ, ನೀವೂ ಕೇಳಬೇಡಿ. ಕೆರೆ ನಮ್ಮ ತಪ್ಪು ತೊಳೆಯೋ ಜಾಗ ಅಲ್ಲ.

ಆ ಕೆಂಪು ಮೀನು ಮಾತ್ರ ನಮ್ಮಲ್ಲೇ ಇದೆ. ಅಷ್ಟೂ ಗಿಡಗಳ ಮಧ್ಯೆ ಒಂದೇ ಓಡಾಡ್ಕೊಂಡು ಆರಾಮಾಗಿದೆ. ಫೈಟರ್ ಸಾಕೋ ಆಸೆ ಇದ್ದರೆ ಒಂದೇ ತನ್ನಿ. ಅದಕ್ಕೂ ಮುಂಚೆ ಒಮ್ಮೆ ಬಂದು ಇದನ್ನ ನೋಡ್ಕೊಂಡು ಹೋಗಿ.