ಗರಗಸದ ಹಿಡಿ ಯಾರ ಕೈಗೆ?

ಮಕ್ಕಳೇ, ನಿಮ್ಮ ಮನೆಯಲ್ಲಿ ಗರಗಸ ಇದ್ದರೆ ಅದರ ಹಿಡಿಯನ್ನೊಮ್ಮೆ ನೋಡಿ. ದೊಡ್ಡವರನ್ನು ಕೇಳಿಯೇ ಮುಟ್ಟಿ. ಕಟ್ಟಿಗೆಗೆ ಮೊಂಡಾದ ಹಲ್ಲು ಕೂಡ ನಮ್ಮ ಚರ್ಮಕ್ಕೆ ಚೂಪೇ. ಈಗ ಅಂಗಡಿಯಲ್ಲಿ ಸಿಗುವ ಗರಗಸಕ್ಕೆ ಹೆಚ್ಚಾಗಿ ಪ್ಲಾಸ್ಟಿಕ್ ಹಿಡಿ. ನನ್ನ ಹತ್ತಿರ ಇರುವುದಕ್ಕೆ ಕಟ್ಟಿಗೆಯ ಹಿಡಿ. ಇತ್ತು ಎನ್ನಬೇಕು. ಈ ಬೇಸಿಗೆಯಲ್ಲಿ ಅದು ನನ್ನ ಕೈಯಲ್ಲೇ ಎರಡು ತುಂಡಾಯಿತು.

ಆ ಗರಗಸ ನಮ್ಮಪ್ಪನದು. ಅಪ್ಪ ಮಸ್ಕಿ ಕಡೆಯ ಹಳ್ಳಿಯೊಂದರಲ್ಲಿ ಬಡಿಗ. ಬಂಡಿ, ಕೂರಿಗೆ, ಕುಂಟೆ, ಬಾಗಿಲು ಎಲ್ಲ ಮಾಡುತ್ತಿದ್ದ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾದೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂದು ಶಾಖೆಯಿಂದ ಶಾಖೆಗೆ ಹೋಗಿ ಲೆಡ್ಜರ್ ಬರೆಯುತ್ತಲೇ ತಲೆ ನರೆಯಿತು. ಅಪ್ಪ ತೀರಿಕೊಂಡ ಮೇಲೆ ಅವನ ಹತಾರದ ಪೆಟ್ಟಿಗೆಯನ್ನು ನಾನೇ ಗುಜರಿಯವನಿಗೆ ತೂಕಕ್ಕೆ ಹಾಕಿದೆ. ಬಾಚಿ, ಉಳಿ, ರಂದಾ, ಬೈರಿಗೆ ಎಲ್ಲ ಹೋದವು. ಈ ಗರಗಸವನ್ನು ಯಾರೋ ಪಕ್ಕದ ಮನೆಯವರು ಎರವಲು ಒಯ್ದಿದ್ದರು, ಅದಕ್ಕೇ ಉಳಿಯಿತು. ಆಮೇಲೆ ಅವರು ತಂದುಕೊಟ್ಟಾಗ ಅಟ್ಟದ ಮೇಲೆ ಎಸೆದು ಮರೆತೆ.

ಮೊಮ್ಮಗಳು ಆರನೇ ಕ್ಲಾಸು. ಸಿಂಧನೂರಿನ ಬಿಸಿಲು ನಿಮಗೆ ಗೊತ್ತು. ಗುಬ್ಬಿಗಳಿಗೆ ನೀರಿಡಲು ಮಣೆಯೊಂದು ಬೇಕೆಂದಳು. ಅಟ್ಟ ಹತ್ತಿ ಗರಗಸ ಇಳಿಸಿ, ಹಲಗೆಯ ಮೇಲೆ ನಾಲ್ಕು ಸಲ ಎಳೆದೆನೋ ಇಲ್ಲವೋ, ಹಿಡಿ ಚಟ್ ಎಂದಿತು. ಅಂಟು ಹಾಕಿ ಹಗ್ಗ ಬಿಗಿದೆ. ಮರುದಿನ ಮತ್ತೆ ಬಿಟ್ಟುಕೊಂಡಿತು.

ಆ ತುಂಡುಗಳನ್ನು ನಮ್ಮ ಓಣಿಯ ಬಡಿಗರಿಗೆ ತೋರಿಸಿದೆ. ಅವರು ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರು. "ಇದನ್ನ ಮಾಡಿದವರಿಗೆ ಕೆಲಸ ಗೊತ್ತಿತ್ರೀ. ಎಳೆ ಸರಿ ಅದ. ಹುಳ ತಿಂದೈತಿ ನೋಡ್ರಿ, ಒಳಗ ಪೂರಾ ಪುಡಿ" ಎಂದರು.

ಎಳೆ ಎಂದರೇನು? ಒಲೆಗೆ ಕಟ್ಟಿಗೆ ಒಡೆಯುವುದನ್ನು ನೀವು ನೋಡಿರಬಹುದು. ಉದ್ದಕ್ಕೆ ಕೊಡಲಿ ಹಾಕಿದರೆ ಒಂದೇ ಏಟಿಗೆ ಸೀಳುತ್ತದೆ, ಅಡ್ಡಕ್ಕೆ ಹಾಕಿದರೆ ಬೆವರು ಇಳಿಸುತ್ತದೆ. ಕಟ್ಟಿಗೆಯ ನಾರು ಉದ್ದಕ್ಕೆ ಓಡುವುದರಿಂದ ಹೀಗೆ. ಗರಗಸದ ಹಿಡಿಯಲ್ಲಿ ನಾವು ಮುಷ್ಟಿ ಕಟ್ಟುವ ಜಾಗವೇ ಎಲ್ಲಕ್ಕಿಂತ ಸಣ್ಣದು. ಅಲ್ಲಿ ನಾರು ಉದ್ದಕ್ಕೆ ಹಾಯಬೇಕು, ಅಡ್ಡ ಹಾಯ್ದರೆ ಬಲ ಬಿದ್ದ ದಿನ ಮುರಿಯುತ್ತದೆ. ಅಪ್ಪ ಅದನ್ನು ಸರಿಯಾಗಿಯೇ ಮಾಡಿದ್ದ. ಅಂಚಿನಲ್ಲಿ ಉಳಿದಿದ್ದ ಬಿಳಿ ಕಟ್ಟಿಗೆಯಿಂದ ಹುಳ ಒಳಹೊಕ್ಕಿತ್ತು. ಮರದ ನಡುವಿನ ಕಪ್ಪು ಕೆಚ್ಚನ್ನು ಹುಳ ಸುಲಭಕ್ಕೆ ತಿನ್ನುವುದಿಲ್ಲ, ಹೊರಗಿನ ಬಿಳಿಯ ಭಾಗ ಅದಕ್ಕೆ ಊಟ. ದಿನಾ ಕೈಯಾಡಿದ್ದರೆ ಪುಡಿ ಉದುರಿದಾಗಲೇ ಕಣ್ಣಿಗೆ ಬೀಳುತ್ತಿತ್ತು. ಅಟ್ಟದ ಮೇಲೆ ನೋಡುವವರು ಯಾರು?

"ನೀವೇ ಒಂದು ಮಾಡಿಕೊಡ್ರಿ" ಎಂದೆ. ಅವರು ನಕ್ಕು, "ನಿಮ್ಮ ಕೈ ನನಗೇನ್ ಗೊತ್ರೀ ಸರ್? ಇಲ್ಲೇ ಕುಂದ್ರ್ರಿ, ನೀವ ಮಾಡ್ರಿ" ಎಂದರು. ಎಪ್ಪತ್ತು ದಾಟಿದ ಮೇಲೆ ನಾನು ಬಡಿಗರ ಅಂಗಡಿಗೆ ಶಾಲೆಗೆ ಹೋದಂತೆ ಹೋದೆ.

ಕಟ್ಟಿಗೆ ಹಳೇ ಬಂಡಿಯ ಗಾಲಿಯದು. ಕರಿಜಾಲಿ. ನಮ್ಮ ಕಡೆ ಬಂಡಿಗೆ, ಗಳೇಸಾಮಾನಿಗೆ ಇದೇ ಮರ. ಕಬ್ಬಿಣದಂಥ ಗಟ್ಟಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1840ರಲ್ಲಿ ಹೆನ್ರಿ ಡಿಸ್ಟನ್ ಎಂಬಾತ ಗರಗಸದ ಕಾರ್ಖಾನೆ ಶುರು ಮಾಡಿದ. ಅವರ ಒಳ್ಳೆಯ ಗರಗಸಗಳಿಗೆ ಸೇಬಿನ ಮರದ ಹಿಡಿ ಇರುತ್ತಿತ್ತು. ಅವರ ಊರಲ್ಲಿ ಸೇಬು, ನಮ್ಮ ಊರಲ್ಲಿ ಜಾಲಿ. ಗಾಲಿಯ ತುಂಡು ವರ್ಷಗಟ್ಟಲೆ ಒಣಗಿದ್ದರಿಂದ ಇನ್ನು ಸೊಟ್ಟಗಾಗುವ ಭಯವಿರಲಿಲ್ಲ. ಕಟ್ಟಿಗೆ ಅಡ್ಡೆಯಲ್ಲಿ ಒಂದಿಂಚು ದಪ್ಪದ ಎರಡು ಹಲಗೆ ಸೀಳಿಸಿದೆ. ಎರಡು ಯಾಕೆ ಎಂದು ಕೇಳಿದ್ದಕ್ಕೆ ಬಡಿಗರು ಉತ್ತರ ಹೇಳಲಿಲ್ಲ. ಆಮೇಲೆ ತಿಳಿಯಿತು.

ಮುರಿದ ತುಂಡುಗಳನ್ನು ಜೋಡಿಸಿಟ್ಟು, ದಪ್ಪನೆಯ ಲಗ್ನಪತ್ರಿಕೆಯ ಮೇಲೆ ಅಚ್ಚು ತೆಗೆದೆ. ಅದನ್ನು ಹಲಗೆಯ ಮೇಲಿಟ್ಟು ಪೆನ್ಸಿಲ್ ಎಳೆದು, ಬೆರಳು ತೂರುವ ಕಿಂಡಿಯ ಮೂಲೆಗಳಲ್ಲಿ ಬೈರಿಗೆಯಿಂದ ತೂತು ಕೊರೆದು, ತೂತಿನಿಂದ ತೂತಿಗೆ ಸಣ್ಣ ಗರಗಸದಿಂದ ಕೊಯ್ದೆ. ಇಲ್ಲಿಯವರೆಗೆ ಸರಿ. ಆಮೇಲೆ ಆಸೆ ತಡೆಯದೆ ಅರ ಹಿಡಿದು ಅಂಚುಗಳನ್ನೆಲ್ಲ ಗುಂಡಗೆ ಮಾಡಿದೆ. ಚೆಂದ ಕಂಡಿತು. ಗರಗಸದ ತಗಡು ಕೂರಲು ಸೀಳು ಕೊಯ್ಯಬೇಕು ಎನ್ನುವಾಗ ನೋಡಿದರೆ, ನಡುಗೆರೆ ಎಳೆಯಲು ಚಪ್ಪಟೆ ಜಾಗವೇ ಇಲ್ಲ! ಅಂದಾಜಿನಲ್ಲಿ ಕೊಯ್ದೆ. ಸೀಳು ವಾಲಿತು, ತಗಡೂ ವಾಲಿತು. ಮೊದಲ ಹಲಗೆ ಬಡಿಗರ ಮನೆಯ ಒಲೆಗೆ ಹೋಯಿತು. ಸೀಳು, ತಿರುಪಿನ ತೂತು ಎಲ್ಲ ಹಲಗೆ ಚೌಕವಿರುವಾಗಲೇ ಮುಗಿಸಬೇಕು. ಗುಂಡಗೆ ಮಾಡುವುದು ಕಡೆಗೆ.

ಎರಡನೆಯದರಲ್ಲಿ ಆ ತಪ್ಪಾಗಲಿಲ್ಲ. ಗುಂಡಗೆ ಮಾಡುವುದಕ್ಕೂ ಒಂದು ಕ್ರಮವಿದೆ. ಮೊದಲು ನಾಲ್ಕು ಮೂಲೆಗಳನ್ನು ಓರೆಯಾಗಿ ತೆಗೆದರೆ ಎಂಟು ಮುಖವಾಗುತ್ತದೆ. ಆ ಎಂಟರ ಅಂಚು ತೆಗೆದರೆ ಹದಿನಾರು. ಆಮೇಲೆ ಅರ ತಾನೇ ಗುಂಡಗೆ ಮಾಡುತ್ತದೆ. ನಾನು ಪ್ರತಿ ಮುಖಕ್ಕೂ ಸ್ಕೇಲ್ ಹಿಡಿದು ಎಡ-ಬಲ ತಾಳೆ ನೋಡುತ್ತಿದ್ದೆ. ಜಮಾ-ಖರ್ಚು ಸರಿಹೊಂದಿಸುವ ಚಟ. ಬಡಿಗರು ಸ್ಕೇಲ್ ಕಸಿದುಕೊಂಡು, "ಕಣ್ಣ ಮುಚ್ಚಿ ಹಿಡೀರಿ. ಎಲ್ಲಿ ಚುಚ್ಚತದೋ ಅಲ್ಲಿ ಉಜ್ಜರಿ" ಎಂದರು. ಮೂರು ಬೆರಳು ಒಳಗೆ, ತೋರುಬೆರಳು ಹೊರಗೆ, ತಗಡಿನ ದಿಕ್ಕಿಗೆ ಚಾಚಿರಬೇಕು. ಆಗಲೇ ಗರಗಸ ನೆಟ್ಟಗೆ ಹೋಗುವುದು.

ಅಪ್ಪನ ಹಿಡಿಯಲ್ಲಿ ಹೆಬ್ಬೆರಳ ಜಾಗದಲ್ಲಿ ಒಂದು ತಗ್ಗು ಇತ್ತು. ಚಿಕ್ಕವನಿದ್ದಾಗ ಅದರಲ್ಲಿ ನನ್ನ ಬೆರಳಿಟ್ಟು ನೋಡುತ್ತಿದ್ದೆ. ಅದನ್ನೂ ಹೊಸದರಲ್ಲಿ ಅರದಿಂದ ಕೊರೆದೆ. ಅಳತೆ ತಪ್ಪಲಿಲ್ಲ. ಆದರೂ ಬೆರಳಿಟ್ಟರೆ ಅದು ಅಪ್ಪನ ತಗ್ಗಾಗಿರಲಿಲ್ಲ, ಬರೀ ಒಂದು ಗುಳಿಯಾಗಿತ್ತು. ಅಪ್ಪ ಒಮ್ಮೆ ನನ್ನನ್ನು ಮಸ್ಕಿಯ ಅಶೋಕನ ಶಾಸನಕ್ಕೆ ಕರೆದೊಯ್ದಿದ್ದ. 1915ರಲ್ಲಿ ಬೆಳಕಿಗೆ ಬಂದ ಬಂಡೆ ಅದು, ಅಶೋಕ ಎಂಬ ಹೆಸರೇ ಅದರಲ್ಲಿದೆ. ಮೇಷ್ಟ್ರು ಹೇಳಿಕೊಟ್ಟಿದ್ದನ್ನೆಲ್ಲ ನಾನು ಒಪ್ಪಿಸಿದೆ. ಅಪ್ಪ ಅಕ್ಷರದ ಗೆರೆಗಳನ್ನು ಬಹಳ ಹೊತ್ತು ನೋಡಿ, "ಉಳಿ ಚಲೋ ಇತ್ತು" ಎಂದಷ್ಟೇ ಹೇಳಿದ.

ಆ ಹೊತ್ತಿಗೆ ಮೊಮ್ಮಗಳು ಅಂಗಡಿಗೆ ಬಂದಳು. ತಗಡು ಇನ್ನೂ ಜೋಡಿಸಿರಲಿಲ್ಲ. ಬರೀ ಹಿಡಿಯನ್ನು ಕೈಗೆ ಕೊಟ್ಟೆ. ಅವಳ ಬೆರಳ ತುದಿ ಅಂಗೈ ಮುಟ್ಟಲೇ ಇಲ್ಲ.

"ತಾತಾ, ಇದು ಯಾರ ಕೈಗೆ?" ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಗುಬ್ಬಿಯ ಮಣೆ ಕೊಯ್ಯುವವಳು ಅವಳು. ನಾನು ಮಾಡಿದ್ದು ತೀರಿಕೊಂಡವನ ಕೈಗೆ. ಬಡಿಗರು ಬೇರೆ ಕಡೆ ನೋಡುತ್ತಾ ಕುಳಿತಿದ್ದರು. ಕಟ್ಟಿಗೆ ತೆಗೆದ ಮೇಲೆ ಮತ್ತೆ ಸೇರಿಸಲು ಬರುವುದಿಲ್ಲ, ಮೂರನೇ ಹಲಗೆಯೂ ಇರಲಿಲ್ಲ. ಒಂದು ಚಹಾ ಕುಡಿದು, ಅರ ಎತ್ತಿಕೊಂಡು ಆ ಗುಳಿಯ ಮೇಲೆಯೇ ಮೊದಲು ಉಜ್ಜಿದೆ. ಸುತ್ತಲಿನ ದಪ್ಪ ಇಳಿದಂತೆ ಗುಳಿ ಮಾಯವಾಯಿತು. ಐದಾರು ಸಲ ಅವಳ ಕೈಯಲ್ಲಿ ಹಿಡಿಸಿ ನೋಡಿದೆ.

ಉಳಿದದ್ದು ನಯ ಮಾಡುವ ಕೆಲಸ. ಮರಳುಕಾಗದ ಮೊದಲು 80, ಆಮೇಲೆ 120, ಕಡೆಗೆ 220. ನಡುವೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಮಲಗಿದ್ದ ನಾರೆಲ್ಲ ಗಡ್ಡದಂತೆ ಎದ್ದು ನಿಲ್ಲುತ್ತದೆ. ಅದನ್ನು ಮತ್ತೆ ಉಜ್ಜಬೇಕು. ಇಲ್ಲದಿದ್ದರೆ ಕೈ ಬೆವರಿದ ಮೊದಲ ದಿನವೇ ಒರಟಾಗುತ್ತದೆ. ಮೇಲೆ ಅಗಸೆ ಎಣ್ಣೆ, ತೆಳ್ಳಗೆ, ಮೂರು ಸಲ. ಅಜ್ಜ-ಅಜ್ಜಿಯರೇ, ಇದನ್ನು ಮರೆಯಬೇಡಿ: ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಕಾದು ಬೆಂಕಿ ಹತ್ತಬಹುದು. ಹೊರಗೆ ಹರವಿ ಒಣಗಿಸಿ. ಕಡೆಗೆ ಹಿತ್ತಾಳೆಯ ತಿರುಪು ಬಿಗಿದು ತಗಡು ಕೂರಿಸಿದೆವು.

ಭಾನುವಾರ ಅಂಗಳದಲ್ಲಿ ಹಲಗೆಯನ್ನು ನಾನು ಒತ್ತಿ ಹಿಡಿದೆ, ಅವಳು ಕೊಯ್ದಳು. ಆ ಹಿಡಿ ಈಗ ನನ್ನ ಮುಷ್ಟಿಗೆ ತೀರಾ ತೆಳು. ಅರ್ಧ ಕೊಯ್ದು ನಿಲ್ಲಿಸಿ ಅವಳು ಕೈ ಬಿಚ್ಚಿ ತೋರಿಸಿದಳು.

"ತಾತಾ, ಕಿರುಬೆರಳಿನ ಹತ್ರ ಸ್ವಲ್ಪ ಚುಚ್ಚತೈತಿ."

ಅರ ತರಲು ಒಳಗೆ ಹೋದೆ.