ಮುಂದೂಡಿದ ಮದುವೆಗಳ ಲೆಕ್ಕ

ದೇಶಕ್ಕೆ ಬಂದ ಆಪತ್ತು ಮನೆಯೊಳಗೆ ಮೊದಲು ತಟ್ಟುವುದು ಮದುವೆಯ ಮುಹೂರ್ತಕ್ಕೆ. ತೊಟ್ಟಿಲಿಗೆ ತಗಲಿದ ಪೆಟ್ಟು ತಿಳಿಯುವುದು ಮರುವರ್ಷ. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಪ್ರಾಯದವರು ಬಹಳ. 1919ರಲ್ಲಿ ಜನನಗಳು ಕುಸಿದವು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಹತ್ತು ವರ್ಷಗಳ ಹಿಂದಿನದಕ್ಕಿಂತ ಕಡಿಮೆಯಿತ್ತು. ಆದರೂ 1931ರ ಹೊತ್ತಿಗೆ ಅದು ಶೇ. 11ರಷ್ಟು ಬೆಳೆಯಿತು. ಮರಣಗಳು ತಗ್ಗಿದ್ದು ಒಂದು ಕಾರಣ. ಮದುವೆ ಎಂಬುದು ಬಹುತೇಕ ಎಲ್ಲರಿಗೂ, ಅದೂ ಎಳೆಯ ವಯಸ್ಸಿನಲ್ಲೇ ಆಗುತ್ತಿದ್ದುದು ಇನ್ನೊಂದು. ಆ ಚೇತರಿಕೆಯನ್ನು ಹೊಗಳುವವರು, ಮರುಮದುವೆ ನಿಷಿದ್ಧವಾಗಿದ್ದ ಮನೆಗಳಲ್ಲಿ ಉಳಿದುಹೋದ ಬಾಲವಿಧವೆಯರನ್ನೂ ಎಣಿಸಬೇಕು.

ಇಂದು ಮುಂದೂಡಿದ ಮದುವೆ ಅಷ್ಟು ಸುಲಭವಾಗಿ ಮರಳಿ ಬರುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ 2019ರಲ್ಲಿ ಸುಮಾರು 2.39 ಲಕ್ಷ ಮದುವೆಗಳಾಗಿದ್ದವು. ಮೊದಲೇ ಇಳಿಮುಖವಾಗಿದ್ದ ಈ ಸಂಖ್ಯೆ ಕೋವಿಡ್ ಪೆಟ್ಟಿನಿಂದ 2022ರಲ್ಲಿ 1.92 ಲಕ್ಷಕ್ಕೆ ಬಂತು. ವಿವಾಹದ ಹೊರಗೆ ಮಕ್ಕಳಾಗುವುದು ಅಲ್ಲಿಯೂ ವಿರಳ. 2023ರಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 0.72 ಮಕ್ಕಳು. 2024ರಲ್ಲಿ ಮದುವೆಗಳು ಹೆಚ್ಚಾದವು, ಜನನದರವೂ 0.75ಕ್ಕೆ ಏರಿತು. ಸರ್ಕಾರ ಮಕ್ಕಳಿಗಾಗಿ ಸುರಿದ ಹಣದ ಕಥೆ ಬೇರೆ.

ಜೈನರಿಗಂತೂ ಜನಸಂಖ್ಯೆ ಸೊರಗಲು ಮಹಾಮಾರಿಯೇ ಬರಬೇಕಾಗಿರಲಿಲ್ಲ. 2001ರಿಂದ 2011ರವರೆಗೆ ದೇಶ ಶೇ. 17.7ರಷ್ಟು ಬೆಳೆದರೆ ಜೈನರು ಬೆಳೆದದ್ದು ಶೇ. 5.4. 2001ರಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 870 ಹೆಣ್ಣುಮಕ್ಕಳಿದ್ದರು. ಆ ಮಕ್ಕಳೇ ಇಂದಿನ ವಧೂವರರು. ಕನ್ಯೆ ಸಿಗುತ್ತಿಲ್ಲವೆಂದು ಕೊರಗುವ ಹಿರಿಯರಿಗೆ ಈ ಸಂಖ್ಯೆ ನೆನಪಾಗದಿರುವುದು ಸೋಜಿಗ. ದಕ್ಷಿಣ ಭಾರತ ಜೈನ ಸಭೆ 1899ರಲ್ಲಿ ಹುಟ್ಟಿ ಶತಮಾನ ಕಳೆದರೂ, ಚತುರ್ಥರೋ ಪಂಚಮರೋ ಎಂಬ ಪ್ರಶ್ನೆ ಸಂಬಂಧ ನೋಡುವಾಗ ಇನ್ನೂ ಏಳುತ್ತದೆ.

2020ರಲ್ಲಿ ಸರ್ಕಾರ ಮದುವೆಗೆ 50 ಅತಿಥಿಗಳ ಮಿತಿ ವಿಧಿಸಿದಾಗ ಎಷ್ಟೋ ವಿವಾಹಗಳು ಮನೆಯಂಗಳದಲ್ಲೇ ನಡೆದವು. ಯಾವ ಮನೆತನದ ಮಾನವೂ ಹೋಗಲಿಲ್ಲ. ನಿರ್ಬಂಧ ಸಡಿಲಿದೊಡನೆ ಆಡಂಬರ ಮರಳಿತು. ಮುಂಬೈ, ಪುಣೆಗಳಲ್ಲಿ ಬಾಡಿಗೆ ಮನೆಯ ಠೇವಣಿಗೇ ಹಣ ಹೊಂದಿಸಲಾರದ ತರುಣ, ಕಲ್ಯಾಣಮಂಟಪದ ಖರ್ಚನ್ನೂ ಕೂಡಿಸಿ ನೋಡಿ ಮದುವೆಯನ್ನು ಮತ್ತೊಂದು ವರ್ಷ ತಳ್ಳುತ್ತಾನೆ. ಅಂಥವನಿಗೆ ವೇದಿಕೆಯ ಮೇಲಿಂದ ಮೂರು ಮಕ್ಕಳಿರಲೆಂಬ ಉಪದೇಶ! ಅದನ್ನು ನೀಡುವ ಸಂಘಗಳು ಮೊದಲು ತಮ್ಮ ಪದಾಧಿಕಾರಿಗಳ ಮನೆಯ ಮದುವೆಗಳಿಗೆ ಆ 50ರ ಮಿತಿಯನ್ನು ಹಾಕಿಕೊಳ್ಳಲಿ. ಅದಕ್ಕೆ ಸರ್ಕಾರದ ಸುತ್ತೋಲೆ ಬೇಕಿಲ್ಲ.