ಸಾಲ ಮಾಡದಿರುವುದು ಅಪರಾಧವೇ?

ಸಾಲ ತೀರಿಸದವನಿಗೆ ಬ್ಯಾಂಕು ಮತ್ತೆ ಸಾಲ ಕೊಡಲು ಹಿಂಜರಿಯುವುದು ಅರ್ಥವಾಗುವ ಮಾತು. ಆದರೆ ಜೀವಮಾನದಲ್ಲಿ ಯಾರ ಬಾಕಿಯನ್ನೂ ಉಳಿಸಿಕೊಳ್ಳದವನನ್ನು, ಬ್ಯಾಂಕಿನಿಂದ ಹಿಂದೆ ಸಾಲ ಪಡೆದಿಲ್ಲವೆಂಬ ಒಂದೇ ಕಾರಣಕ್ಕೆ ವಾಪಸು ಕಳಿಸುವುದು ಯಾವ ನ್ಯಾಯ? "ನಿಮಗೆ ಸಿಬಿಲ್ ಇಲ್ಲ, ಸಾಲ ಆಗುವುದಿಲ್ಲ" ಎಂಬ ಮಾತನ್ನು ನಮ್ಮ ಜನ ಕೇಳಿಸಿಕೊಂಡು, ತಮ್ಮಿಂದಲೇ ಏನೋ ತಪ್ಪಾಗಿದೆ ಎಂಬಂತೆ ತಲೆ ತಗ್ಗಿಸಿ ಹೊರಬರುತ್ತಾರೆ. ತಪ್ಪು ಅವರದಲ್ಲ.

ಖಾನಾಪುರವನ್ನೇ ನೋಡಿ. ಇಟ್ಟಿಗೆ, ಹಂಚು, ಮಣ್ಣಿನ ಪಾತ್ರೆಯ ಕೆಲಸ. ಕಾಡಂಚಿನ ಹಳ್ಳಿಗಳಲ್ಲಿ ತಯಾರಾಗುವ ಖವಾ. ಪಟ್ಟಣದಲ್ಲಿ ಗ್ಯಾರೇಜು, ಹೊಲಿಗೆ, ಬೇಕರಿ, ತಳ್ಳುಗಾಡಿ. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ವ್ಯವಹರಿಸುವ ಈ ಜನ ಸಾಲವನ್ನೇ ಕಾಣದವರಲ್ಲ. ಕಿರಾಣಿ ಅಂಗಡಿಯ ಉದ್ರಿ ಇದೆ, ನೆಂಟರ ಕೈಗಡವಿದೆ, ಸೊಸೈಟಿಯ ಸಾಲವಿದೆ, ಭಿಶಿ ಇದೆ. ಇಪ್ಪತ್ತು ಜನರ ಭಿಶಿಯಲ್ಲಿ ಮೂರನೇ ತಿಂಗಳಿಗೇ ಹಣ ಎತ್ತಿಕೊಂಡವನು ಉಳಿದ ಹದಿನೇಳು ತಿಂಗಳು ತಪ್ಪದೆ ಕಟ್ಟುತ್ತಾನೆ. ಬ್ಯಾಂಕಿನವರು ಕಂತು ಎಂದು ಕರೆಯುವುದು ಇದನ್ನೇ ಅಲ್ಲವೇ? ಕಾಗದವಿಲ್ಲ, ಕೋರ್ಟಿನ ಭಯವಿಲ್ಲ, ಓಣಿಯಲ್ಲಿ ಮುಖ ತೋರಿಸಬೇಕೆಂಬ ಒಂದೇ ಹೊಣೆಯ ಮೇಲೆ ನಡೆಯುವ ವ್ಯವಹಾರವಿದು.

ಈ ಪ್ರಾಮಾಣಿಕತೆ ಎಲ್ಲಿಯೂ ದಾಖಲಾಗುವುದಿಲ್ಲ. ಸಿಬಿಲ್ ಸಂಸ್ಥೆ ಸ್ಥಾಪನೆಯಾದದ್ದು 2000ದಲ್ಲಿ. ಸಾಲದ ಮಾಹಿತಿ ಕಂಪೆನಿಗಳ ಕಾನೂನು ಬಂದದ್ದು 2005ರಲ್ಲಿ. ಇಂದು ಅಂಥ ನಾಲ್ಕು ಕಂಪೆನಿಗಳಿವೆ. ಬ್ಯಾಂಕುಗಳು ಮತ್ತು ಹಣಕಾಸು ಕಂಪೆನಿಗಳು ಕೊಟ್ಟ ಮಾಹಿತಿಯಿಂದ ಅವು 300ರಿಂದ 900ರ ತನಕ ಅಂಕ ಕೊಡುತ್ತವೆ. ಭಿಶಿ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಸಣ್ಣ ಪತ್ತಿನ ಸೊಸೈಟಿಗಳ ಲೆಕ್ಕವೂ ಸಾಮಾನ್ಯವಾಗಿ ಅಲ್ಲಿಗೆ ತಲುಪುವುದಿಲ್ಲ. ಮನೆ ಬಾಡಿಗೆ, ಕರೆಂಟು ಬಿಲ್ಲು ತಪ್ಪದೆ ಕಟ್ಟಿದ್ದಕ್ಕೂ ಅಂಕವಿಲ್ಲ. ಆದರೆ ಅದೇ ಮನೆಯ ಹೆಣ್ಣುಮಗಳು ಮೈಕ್ರೋ ಫೈನಾನ್ಸ್ ಸಂಘದ ಮೂರು ಕಂತು ತಪ್ಪಿಸಿದರೆ ಅದು ತಪ್ಪದೆ ದಾಖಲಾಗುತ್ತದೆ! ಇಪ್ಪತ್ತು ವರ್ಷದ ನಿಯತ್ತು ಕಾಣದ ಕಣ್ಣಿಗೆ ಮೂರು ತಿಂಗಳ ಸಂಕಟ ಕಾಣುತ್ತದೆ.

ಹಾಗೆ ನೋಡಿದರೆ ಬಡವನ ಶಿಸ್ತನ್ನು ಬರೆದಿಡುವ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸುವವನ ಬಾಗಿಲಿಗೆ ಬ್ಯಾಂಕೇ ಹೋಯಿತು. ಯಾರು ಮಳೆಗಾಲದಲ್ಲೂ ಕಟ್ಟುತ್ತಾರೆ, ಯಾರು ಹಬ್ಬದ ತಿಂಗಳಲ್ಲಿ ತಡಮಾಡಿ ಮುಂದಿನ ತಿಂಗಳು ಸರಿಪಡಿಸುತ್ತಾರೆ ಎಂಬುದು ಪಿಗ್ಮಿ ಏಜೆಂಟನಿಗೆ ಗೊತ್ತಿರುತ್ತಿತ್ತು. ಬೆಳಗಾವಿ ಜಿಲ್ಲೆಯ ಸೊಸೈಟಿಗಳಲ್ಲಿ ಪಿಗ್ಮಿ ಈಗಲೂ ನಡೆಯುತ್ತದೆ. ಕಂಪ್ಯೂಟರು ಬಂದ ಮೇಲೆ ಆ ತಿಳಿವಳಿಕೆ ಹೆಚ್ಚಬೇಕಿತ್ತು, ಅಂಕದ ಲೆಕ್ಕದಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ.

ಮುಸ್ಲಿಮರಿಗೆ ಈ ಬಾಗಿಲು ಮುಚ್ಚುವುದು ಹೊಸ ಅನುಭವವೇನಲ್ಲ. ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳನ್ನು 'ನಕಾರಾತ್ಮಕ ವಲಯ'ಗಳೆಂದು ಗುರುತಿಸಿರುವುದನ್ನು 2006ರ ಸಾಚಾರ್ ಸಮಿತಿಯ ವರದಿಯೇ ಹೇಳಿತ್ತು. ಅಂಕಕ್ಕೆ ಜಾತಿ ಧರ್ಮ ಗೊತ್ತಿಲ್ಲ ಎನ್ನುತ್ತಾರೆ. ನಿಜವಿರಬಹುದು. ಆದರೆ ನಿನ್ನೆ ಓಣಿಯ ಹೆಸರು ಕೇಳಿ ಸಾಲ ನಿರಾಕರಿಸಿ, ಇಂದು "ನಿಮಗೆ ಸಾಲದ ಇತಿಹಾಸವೇ ಇಲ್ಲವಲ್ಲ" ಎಂದರೆ, ಆ ಇತಿಹಾಸ ಇಲ್ಲದಂತೆ ಮಾಡಿದವರು ಯಾರು?

ಇಷ್ಟಕ್ಕೂ ಇಂಥ ನಿರಾಕರಣೆಗೆ ನಿಯಮದ ಆಧಾರವೂ ಇಲ್ಲ. ಮೊದಲ ಬಾರಿಗೆ ಸಾಲ ಕೇಳುವವರ ಅರ್ಜಿಯನ್ನು ಸಾಲದ ಇತಿಹಾಸವಿಲ್ಲವೆಂಬ ಕಾರಣಕ್ಕೇ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕು 2025ರ ಜನವರಿ 6ರ ನಿರ್ದೇಶನದಲ್ಲಿ ಸಲಹೆ ನೀಡಿದೆ. ಅದೇ ವರ್ಷ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಖಾತೆಯ ರಾಜ್ಯ ಸಚಿವರು ಲೋಕಸಭೆಯಲ್ಲಿ ಇದನ್ನೇ ಹೇಳಿದರು. ಗ್ರಾಮೀಣರಿಗೆ ಮತ್ತು ಸ್ವಸಹಾಯ ಸಂಘದವರಿಗೆ ಪ್ರತ್ಯೇಕ 'ಗ್ರಾಮೀಣ ಕ್ರೆಡಿಟ್ ಸ್ಕೋರ್' ರೂಪಿಸುವುದಾಗಿ 2025ರ ಬಜೆಟ್ಟೂ ಘೋಷಿಸಿತು. ಸಲಹೆ ದೆಹಲಿಯಲ್ಲಿ, ಮುಂಬಯಿಯಲ್ಲಿ ಉಳಿದರೆ ಖಾನಾಪುರದವನಿಗೆ ಏನು ಲಾಭ? ಅರ್ಜಿದಾರ ಬಾಯಿಮಾತಿನ ಉತ್ತರ ಒಪ್ಪಿಕೊಳ್ಳದೆ, ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಬೇಕು.

ಬ್ಯಾಂಕುಗಳನ್ನು ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಬಡ್ಡಿ ಹರಾಮ್ ಎಂದು ಮಿಂಬರಿನಿಂದ ಹೇಳುವುದು ಸರಿಯೇ. ಆದರೆ ಹೇಳಿದವರು ಬದಲಿ ದಾರಿ ತೋರಿಸಿದ್ದಾರೆಯೇ? ಬಡ್ಡಿರಹಿತ ಬ್ಯಾಂಕಿಂಗ್ ಕಿಂಡಿಯ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2017ರಲ್ಲಿ ತಿಳಿಸಿದಾಗ ನಾವು ಎಷ್ಟು ದನಿ ಎತ್ತಿದೆವು? ಆ ಶೂನ್ಯದಲ್ಲೇ ಬೆಂಗಳೂರಿನ ಐಎಂಎ 'ಹಲಾಲ್' ಲಾಭದ ಹೆಸರಲ್ಲಿ ಬೆಳೆದು, 2019ರಲ್ಲಿ ಸಾವಿರಾರು ಕುಟುಂಬಗಳ ಉಳಿತಾಯವನ್ನು ನುಂಗಿತು. 2009ರಲ್ಲಿ ಕೋಲಾರದಲ್ಲಿ ಮೈಕ್ರೋ ಫೈನಾನ್ಸ್ ಸಾಲ ಮರುಪಾವತಿಸಬೇಡಿ ಎಂದು ಅಂಜುಮನ್ ಕರೆಕೊಟ್ಟಿತು. ವಸೂಲಿಯ ಕಾಟ ನಿಜವೇ ಇತ್ತು. ಆದರೆ ಕಂತು ನಿಂತಿತು, ಜೊತೆಗೆ ಹೊಸ ಸಾಲವೂ ನಿಂತಿತು. ಕರೆ ಕೊಟ್ಟವರ ಬಳಿ ಅವರಿಗೆ ಕೊಡಲು ಬೇರೇನೂ ಇರಲಿಲ್ಲ.

ಕುರ್‌ಆನಿನ ಅತಿ ದೀರ್ಘ ಆಯತ್ತು, ಅಲ್ ಬಕರದ 282ನೆಯದು, ಸಾಲವನ್ನು ಬರೆದಿಡುವ ಕುರಿತಾದದ್ದು. ನಮ್ಮ ಜಮಾಅತ್‌ಗಳಲ್ಲಿ ಕೊಡುವ ಕರ್ಜೆ ಹಸನದ ಲೆಕ್ಕವೆಷ್ಟು ಬರಹದಲ್ಲಿದೆ? ಪಡೆದವನು ತೀರಿಸಿದನೆಂಬ ಒಂದು ಚೀಟಿಯನ್ನಾದರೂ ಕೊಡುತ್ತೇವೆಯೇ? ಸಿಬಿಲ್ ಅದನ್ನು ಒಪ್ಪಲಿಕ್ಕಿಲ್ಲ. ಆದರೆ ಮ್ಯಾನೇಜರನ ಮುಂದೆ ಐದು ವರ್ಷದ ಮರುಪಾವತಿಯ ಪುಸ್ತಕ ಇಟ್ಟವನ ಮಾತಿಗೂ ಬರಿಗೈಯವನ ಮಾತಿಗೂ ವ್ಯತ್ಯಾಸವಿದೆ.

ವ್ಯವಸ್ಥೆ ಬದಲಾಗುವ ತನಕ ಕಾಯಲಾಗದವರು ಮಾಡಬಹುದಾದದ್ದೂ ಇದೆ. ದೊಡ್ಡ ಸಾಲ ಬೇಕಿಲ್ಲ, ಸಮಯಕ್ಕೆ ತೀರಿದ ಒಂದು ಸಣ್ಣ ಸಾಲದಿಂದಲೂ ಇತಿಹಾಸ ಆರಂಭವಾಗುತ್ತದೆ. ಪಟ್ಟಣದ ಬೀದಿ ವ್ಯಾಪಾರಿಗೆ 2020ರಲ್ಲಿ ಆರಂಭವಾದ ಸ್ವನಿಧಿ ಯೋಜನೆಯಿದೆ. ಅದರ ಮೊದಲ ಕಂತು 2025ರ ಪರಿಷ್ಕರಣೆಯ ಬಳಿಕ 15,000 ರೂಪಾಯಿ, ಅಡಮಾನ ಬೇಕಿಲ್ಲ. ಠೇವಣಿಯ ಭದ್ರತೆಯ ಮೇಲೆ ಕ್ರೆಡಿಟ್ ಕಾರ್ಡು ಪಡೆದು ಗಡುವಿನೊಳಗೆ ಪೂರ್ತಿ ಹಣ ಕಟ್ಟಿದರೆ ಖರೀದಿಯ ಮೇಲೆ ಬಡ್ಡಿ ಬೀಳುವುದಿಲ್ಲ. ಇದು ಸಮ್ಮತವೇ ಎಂಬುದರಲ್ಲಿ ಉಲಮಾಗಳಿಗೆ ಭಿನ್ನಾಭಿಪ್ರಾಯವಿದೆ, ಕೇಳಿ ತಿಳಿದುಕೊಳ್ಳಿ. ಒಂದೇ ವಾರ ನಾಲ್ಕಾರು ಕಡೆ ಅರ್ಜಿ ಹಾಕಬೇಡಿ, ಪ್ರತಿ ವಿಚಾರಣೆಯೂ ದಾಖಲಾಗುತ್ತದೆ. ಗೆಳೆಯನ ಸಾಲಕ್ಕೆ ಜಾಮೀನು ಸಹಿ ಹಾಕಿದರೆ ಅವನ ಬಾಕಿ ನಿಮ್ಮ ವರದಿಯಲ್ಲೂ ಕಾಣಿಸಬಹುದು. ಅರ್ಧ ಕಟ್ಟಿ 'ಸೆಟ್ಲ್‌ಮೆಂಟ್' ಮಾಡಿಕೊಂಡ ಸಾಲವು ತೀರಿದ ಸಾಲವೆಂದು ದಾಖಲಾಗುವುದಿಲ್ಲ. ಮುಖ್ಯವಾಗಿ, ಹಣ ಕೊಟ್ಟರೆ ಸಿಬಿಲ್ ಸರಿಮಾಡಿಸುತ್ತೇವೆ ಎನ್ನುವ ದಲ್ಲಾಳಿಗಳ ಹತ್ತಿರವೂ ಸುಳಿಯಬೇಡಿ. ವರ್ಷಕ್ಕೊಮ್ಮೆ ನಾಲ್ಕೂ ಕಂಪೆನಿಗಳು ಉಚಿತ ವರದಿ ಕೊಡಬೇಕು. ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರದ ನಿಯಮವಿದೆ.

2025ರ ಜನವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳದ ಸುದ್ದಿ ಬೆಳಗಾವಿ ಜಿಲ್ಲೆಯಿಂದಲೂ ಬಂತು. ಮರುತಿಂಗಳೇ ರಾಜ್ಯ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಬ್ಯಾಂಕಿನ ಬಾಗಿಲಿನಿಂದ ವಾಪಸಾದವರು ಎಲ್ಲಿಗೆ ಹೋಗುತ್ತಾರೆಂದು ಆಗಲೇ ಗೊತ್ತಾಗಿದೆ. ಆದುದರಿಂದ ಜಿಲ್ಲೆಯ ಬ್ಯಾಂಕರುಗಳ ಸಭೆಯ ಮುಂದೆ ನಮ್ಮ ಪ್ರಶ್ನೆ ಇಷ್ಟೇ: ಕಳೆದ ಒಂದು ವರ್ಷದಲ್ಲಿ ಖಾನಾಪುರದ ಶಾಖೆಗಳಿಗೆ ಮೊದಲ ಬಾರಿ ಸಾಲ ಕೇಳಿ ಬಂದವರೆಷ್ಟು, ಇತಿಹಾಸವಿಲ್ಲವೆಂದು ವಾಪಸಾದವರೆಷ್ಟು? ಆ ಪಟ್ಟಿಯನ್ನು ಶಾಖೆವಾರು ಪ್ರಕಟಿಸಲಿ.